ಕೈಯಲ್ಲಿದ್ದ ಕಾರ್ಡು ಬಿಸಿಯಾದ ರಾತ್ರಿ

ಇದು ನಡೆದದ್ದು. ನಂಬಿ ಎಂದು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಆದರೆ ಕಟ್ಟುಕತೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಬಂಟ್ವಾಳದ ಹತ್ತಿರ ಮೆಲ್ಕಾರಿನಲ್ಲಿ ಸಣ್ಣ ಅಂಗಡಿ ಇದೆ. "ಕಂಪ್ಯೂಟರಿಗೆ ಎಂತದೋ ಹಿಡಿದಿದೆ ಮಾರಾಯ್ರೆ, ತನ್ನಷ್ಟಕ್ಕೇ ಆಫ್ ಆಗ್ತದೆ" ಎಂದು ಹೇಳಿಕೊಂಡು ಬರುವವರು ಬೇಕಾದಷ್ಟು ಜನ. ಬಿಚ್ಚಿ ನೋಡಿದರೆ ಒಳಗೆ ಹಲ್ಲಿ ಸತ್ತಿರುತ್ತದೆ, ಇಲ್ಲವೇ ಫ್ಯಾನಿಗೆ ಧೂಳು ಮೆತ್ತಿರುತ್ತದೆ. ಹಾಗಾಗಿ ಯಾರು ದೆವ್ವದ ಕತೆ ಹೇಳಿದರೂ ನಾನು ಮೊದಲು ಕೇಳುವುದು ವಯರಿಂಗ್ ಸರಿ ಇತ್ತಾ ಎಂದು.

ಈ ಕತೆಯಲ್ಲಿ ವಯರಿಂಗ್ ಸರಿ ಇತ್ತು. ನಾನೇ ನೋಡಿದ್ದೆ...

ಹರೀಶ ನನ್ನ ಸ್ನೇಹಿತ. ಸಿದ್ಧಕಟ್ಟೆಯ ಶಾಲೆಯಲ್ಲಿ ಒಂದೇ ಬೆಂಚು, ಆಮೇಲೆ ಕಾಲೇಜಿಗೆ ಒಂದೇ ಬಸ್ಸು. ಅವನು ಮಾಡುತ್ತಿದ್ದದ್ದು ಮನೆಗಳ ಚಿತ್ರ ಮಾಡುವ ಕೆಲಸ. ಕಾಗದದ ಮೇಲಲ್ಲ, ಕಂಪ್ಯೂಟರಿನಲ್ಲಿ. ದುಬೈಯಲ್ಲಿ ದುಡಿಯುವವನು ಮೂಡುಬಿದಿರೆಯಲ್ಲೋ ಬೆಳ್ತಂಗಡಿಯಲ್ಲೋ ಮನೆ ಕಟ್ಟಿಸುವ ಮೊದಲು ಆ ಮನೆ ಹೇಗೆ ಕಾಣುತ್ತದೆ ಎಂದು ನೋಡಬೇಕು ತಾನೆ? ಹರೀಶ ಅದನ್ನು ವಿಡಿಯೋ ಮಾಡಿ ಕಳಿಸುತ್ತಿದ್ದ. ಗೇಟು ತೆರೆದು, ಮೆಟ್ಟಿಲು ಹತ್ತಿ, ಹಾಲ್ ದಾಟಿ ನಾವೇ ಒಳಗೆ ನಡೆದುಹೋದ ಹಾಗೆ ಕಾಣುತ್ತಿತ್ತು. ಇನ್ನೂ ಒಂದು ಕಲ್ಲು ಇಡದ ಮನೆಯೊಳಗೆ ಜನ ದುಬೈಯಿಂದಲೇ ಓಡಾಡಿ "ಪೂಜೆಕೋಣೆ ಸ್ವಲ್ಪ ಆಚೆ ಮಾಡಿ" ಎನ್ನುತ್ತಿದ್ದರು.

ಅವನದ್ದೇ ಮನೆ ಮಾತ್ರ ಬಾಡಿಗೆಯದ್ದು. ಸಿದ್ಧಕಟ್ಟೆಯಲ್ಲಿ, ಮುಚ್ಚಿಹೋದ ಅಕ್ಕಿ ಮಿಲ್ಲಿನ ಹಿಂದೆ. ಎರಡು ಕೋಣೆ, ಒಂದು ಅಡುಗೆಕೋಣೆ. ಹರೀಶ ಉದ್ದದ ಆಳು, ಬಾಗಿಲು ಗಿಡ್ಡ. ಕೋಣೆಯಿಂದ ಕೋಣೆಗೆ ಹೋಗುವಾಗಲೆಲ್ಲ ತಲೆ ಬಗ್ಗಿಸಬೇಕು. ಎಷ್ಟು ಅಭ್ಯಾಸವಾಗಿತ್ತೆಂದರೆ ನನ್ನ ಅಂಗಡಿಯ ಶಟರಿನ ಕೆಳಗೂ, ಅಷ್ಟು ಎತ್ತರ ಇದ್ದರೂ, ತಲೆ ಬಗ್ಗಿಸಿಯೇ ಬರುತ್ತಿದ್ದ. ನಾನು ನಗಾಡುತ್ತಿದ್ದೆ.

ಅವನ ಕಂಪ್ಯೂಟರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ಕೊಟ್ಟವನು ನಾನೇ. ಒಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಹಳೆಯದು, ಸೆಕೆಂಡ್ ಹ್ಯಾಂಡ್. ಅದರ ಫ್ಯಾನು ಸ್ವಲ್ಪ ವಾಲಿತ್ತು. ಕೆಲಸ ಜೋರಾದಾಗ ಒಂದು ಶಬ್ದ ಬರುತ್ತಿತ್ತು. ಕರ್... ಕರ್... ಟಕ್. ಮತ್ತೆ ಕರ್... ಕರ್... ಟಕ್. ಬೇರೆ ಫ್ಯಾನು ಹಾಕುವ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ.

"ಇರ್ಲಿ ಬಿಡು ಮಾರಾಯ. ಆ ಶಬ್ದ ಇದ್ರೆ ಶೋಭಂಗೆ ನಿದ್ದೆ ಬರುವುದು" ಎನ್ನುತ್ತಿದ್ದ.

ಶೋಭಾ ಅವನ ಹೆಂಡತಿ.

ಅವನಿಗೆ ಇನ್ನೊಂದು ಅಭ್ಯಾಸ ಇತ್ತು. ರಾತ್ರಿಯ ಊಟ ಕಂಪ್ಯೂಟರ್ ಮೇಜಿನ ಮೇಲೆಯೇ. ಬಲಗೈ ತಟ್ಟೆಗೆ, ಎಡಗೈ ಮೌಸಿಗೆ. ಅದಕ್ಕಾಗಿ ಎಡಗೈಯಲ್ಲಿ ಮೌಸ್ ಆಡಿಸುವುದನ್ನು ಕಲಿತಿದ್ದ. ಅವನ ಮೌಸ್ ಯಾವಾಗಲೂ ಕೀಬೋರ್ಡಿನ ಎಡಕ್ಕೇ ಇರುತ್ತಿತ್ತು.

ಮೇ ತಿಂಗಳಲ್ಲಿ ಅವನು ಹೋದ. ಸಂಜೆ ಎದೆ ಹಿಡಿದ ಹಾಗೆ ಆಗುತ್ತದೆ ಎಂದನಂತೆ. ಶೋಭಾ ನನಗೆ ಫೋನ್ ಮಾಡಿದರು. ನಾನು ಕಾರು ತಂದೆ. ಹಿಂದಿನ ಸೀಟಿನಲ್ಲಿ ಅವರ ಮಡಿಲಲ್ಲಿ ತಲೆಯಿಟ್ಟು ಅವನನ್ನು ಮಲಗಿಸಿದೆವು. ಬಂಟ್ವಾಳದ ದಾರಿಯಲ್ಲಿ ನಾನು ಒಂದೆರಡು ಸಲ ತಿರುಗಲು ಹೋದೆ. "ದಿನೇಶಣ್ಣ, ನೀವು ತಿರುಗಿ ನೋಡ್ಬೇಡಿ, ಬೇಗ ಹೋಗುವ" ಎಂದರು ಶೋಭಾ. ಹಾಗಾಗಿ ನೋಡಲಿಲ್ಲ. ಬಂಟ್ವಾಳ ಮುಟ್ಟುವ ಮೊದಲೇ ಅವನನ್ನು ಮಾತಾಡಿಸುತ್ತಿದ್ದ ಶೋಭಾರ ಧ್ವನಿ ನಿಂತಿತು. ಆಗಲೇ ನನಗೆ ಗೊತ್ತಾಯಿತು...

ಸುಟ್ಟು ಬರುವಾಗಲೂ ಅಷ್ಟೆ. ನಮ್ಮ ಕಡೆ ಚಿತೆಗೆ ಬೆನ್ನು ಹಾಕಿದ ಮೇಲೆ ಯಾರೂ ಹಿಂದೆ ನೋಡಬಾರದು. ಹರೀಶನ ಸೋದರಮಾವ ಸಂಜೀವ ಮಾವ ನನ್ನ ಭುಜ ಹಿಡಿದು ಮುಂದಕ್ಕೆ ನೂಕಿದರು. "ನಡೆ. ತಿರುಗ್ಬೇಡ" ಎಂದರು. ನಡೆದೆ. ಗದ್ದೆಯ ಹುಣಿಯ, ಎಂದರೆ ಬದುವಿನ, ಉದ್ದಕ್ಕೂ ಕುತ್ತಿಗೆ ಸೆಟೆದುಕೊಂಡು ನಡೆದದ್ದು ಮಾತ್ರ ನೆನಪಿದೆ.

ಇನ್ನು ಆ ರಾತ್ರಿಯ ವಿಷಯ.

ನಮ್ಮಲ್ಲಿ ಸತ್ತವರಿಗೆ ಬೊಜ್ಜ ಎಂದು ಮಾಡುತ್ತಾರೆ. ಅಲ್ಲಿಗೆ ಸತ್ತವನು ಹಿರಿಯರ ಸಾಲಿಗೆ ಸೇರಿದ ಹಾಗೆ. ಹರೀಶನ ಮನೆತನದಲ್ಲಿ ಬೊಜ್ಜದ ಹಿಂದಿನ ರಾತ್ರಿ ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ದೀಪವಿಟ್ಟು, ಬಾಗಿಲು ಎಳೆದು, ಎಲ್ಲರೂ ಹೊರಗೆ ಬಂದು ಸುಮ್ಮನೆ ಕೂರುತ್ತಾರೆ. ಒಳಗೆ ಅವನು ಉಣ್ಣುತ್ತಾನೆ ಎಂದು ಲೆಕ್ಕ. ಆಗ ಮಾತಾಡಬಾರದು, ಹೆಸರು ಕರೆಯಬಾರದು. ಸ್ವಲ್ಪ ಹೊತ್ತಿನ ಮೇಲೆ ಹಿರಿಯರೊಬ್ಬರು ಕೆಮ್ಮಿ, ಬಾಗಿಲು ತಟ್ಟಿ, ತೆರೆಯುತ್ತಾರೆ. ಇದಕ್ಕೆ ಕುಲೆಗೆ ಬಡಿಸುವುದು ಎನ್ನುತ್ತಾರೆ. ಕುಲೆ ಎಂದರೆ ಸತ್ತವನೇ, ಮನೆಯವನೇ. ಹೆದರಿಸಲು ಹೇಳುವ ಮಾತಲ್ಲ ಅದು.

ಹರೀಶನ ಬೊಜ್ಜದ ಹಿಂದಿನ ದಿನ ಸಂಜೆ ಶೋಭಾ ಫೋನ್ ಮಾಡಿದರು.

"ದಿನೇಶಣ್ಣ, ಒಮ್ಮೆ ಬರ್ತೀರಾ? ಕಂಪ್ಯೂಟರಿನಲ್ಲಿ ಎಂತದೂ ಕಾಣುವುದಿಲ್ಲ."

"ಈಗ ಕಂಪ್ಯೂಟರ್ ಯಾಕೆ? ನಾಳೆ ಆಗ್ಲಿ ಶೋಭಾ."

"ನಾಳೆ ಆದ್ರೆ ಆಗ್ಲಿಕ್ಕಿಲ್ಲ" ಎಂದರು. ಧ್ವನಿ ಒಣಗಿಹೋಗಿತ್ತು.

ನಾನು ಅಂಗಡಿಗೆ ಬಾಗಿಲು ಹಾಕಿ ಹೊರಟೆ. ನಾವು ಆ ರಾತ್ರಿ ಮಾತಾಡಿದ್ದೆಲ್ಲ ತುಳುವಿನಲ್ಲಿ. ಓದುವವರಿಗಾಗಿ ಕನ್ನಡಕ್ಕೆ ತಂದಿದ್ದೇನೆ.

ಹೋಗಿ ನೋಡಿದರೆ ಮನೆಯಲ್ಲಿ ಮೂವರೇ. ಶೋಭಾ, ಸಂಜೀವ ಮಾವ, ಮತ್ತೆ ಶೋಭಾರ ತಮ್ಮ ಪ್ರವೀಣ. ಅವನು ಅಬುಧಾಬಿಯಲ್ಲಿರುವವನು, ಭಾವ ಸತ್ತ ಸುದ್ದಿ ಕೇಳಿ ರಜೆ ಹಾಕಿ ಬಂದಿದ್ದ. ಉಳಿದ ನೆಂಟರೆಲ್ಲ ಮರುದಿನ ಬರುವವರು. ಒಲೆಯ ಮೇಲೆ ಕೋಳಿ ಸುಕ್ಕ ಬೇಯುತ್ತಿತ್ತು. ಅವನಿಗೆ ಮಾಡಿದ ಅಡುಗೆ, ಅವನಿಲ್ಲ.

ಶೋಭಾ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ವಿಷಯ ಹೇಳಿದರು.

ಮಡಂತ್ಯಾರಿನ ಹತ್ತಿರ ಅವರು ಒಂದು ತುಂಡು ಜಾಗ ತೆಗೆದುಕೊಂಡದ್ದು ನನಗೆ ಗೊತ್ತಿತ್ತು. ಅಲ್ಲಿ ಕಟ್ಟುವ ತಮ್ಮ ಮನೆಯನ್ನು ಹರೀಶ ರಾತ್ರಿ ಹೊತ್ತು ಚಿತ್ರ ಮಾಡುತ್ತಿದ್ದನಂತೆ. ಹೆಂಡತಿಗೆ ತೋರಿಸಿರಲಿಲ್ಲ. ಅವರು ಹತ್ತಿರ ಬಂದರೆ ಸ್ಕ್ರೀನ್ ಮುಚ್ಚುತ್ತಿದ್ದನಂತೆ. "ಪೂರ್ತಿ ಆಗ್ಲಿ, ಆಮೇಲೆ ಒಟ್ಟಿಗೆ ನೋಡುವ" ಎನ್ನುತ್ತಿದ್ದನಂತೆ.

"ಹಿಂದಿನ ದಿನ ರಾತ್ರಿ ಹೇಳಿದ್ರು, ಅಡುಗೆಕೋಣೆಯ ಕಿಟಕಿ ಒಂದು ಬಾಕಿ ಉಂಟು, ಅದಾದ್ರೆ ತೋರಿಸ್ತೇನೆ ಅಂತ" ಎಂದರು ಶೋಭಾ. "ನಾನು ಕೇಳಿದ್ದು ಅದೊಂದೇ ದಿನೇಶಣ್ಣ. ಅಡುಗೆ ಮಾಡುವಾಗ ಗೇಟು ಕಾಣ್ಬೇಕು, ಇವರು ಬರುವುದು ಕಾಣ್ಬೇಕು. ಇಲ್ಲಿ ಕಿಟಕಿಯೇ ಇಲ್ಲ ಅಲ್ವಾ..."

ನಾನು ಕಂಪ್ಯೂಟರ್ ಆನ್ ಮಾಡಿದೆ.

"ಇವತ್ತು ಅವರು ಎಲೆಗೆ ಬರುವ ಹೊತ್ತಿಗೆ ಅದು ಸ್ಕ್ರೀನಿನಲ್ಲಿ ಇರ್ಬೇಕು. ಒಟ್ಟಿಗೆ ನೋಡುವ ಅಂತ ಹೇಳಿದವರು ಅವರೇ. ನಾಳೆಯಿಂದ ಅವರು ಹಿರಿಯರ ಜೊತೆ. ಮತ್ತೆ ನನ್ನವರಲ್ಲ."

ಇಷ್ಟು ಹೇಳಿ ಅಡುಗೆಕೋಣೆಗೆ ಹೋದರು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಂಪ್ಯೂಟರ್ ಶುರುವಾಗುತ್ತಿತ್ತು. ಆದರೆ ಹರೀಶನ ಆ ಮನೆ ಮಾಡುವ ಪ್ರೋಗ್ರಾಮ್ ತೆರೆದರೆ ಸ್ಕ್ರೀನ್ ಪೂರ್ತಿ ಕಪ್ಪು. ಒಂದು ಕ್ಷಣ ಕಪ್ಪಾಗಿ ನಿಂತು, ಪ್ರೋಗ್ರಾಮ್ ತನ್ನಷ್ಟಕ್ಕೇ ಮುಚ್ಚಿಹೋಗುತ್ತಿತ್ತು.

ಪ್ರವೀಣ ಹಿಂದೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದ.

"ದಿನೇಶಣ್ಣ, ಮೊನ್ನೆ ಅಪ್‌ಡೇಟ್ ಅಂತ ಬಂತು. ನಾನು ಆಯ್ತು ಅಂತ ಒತ್ತಿದೆ. ಹಳತು ಬೇಡದ್ದನ್ನು ತೆಗೀಲಾ ಅಂತ ಕೇಳಿತು, ಅದಕ್ಕೂ ಆಯ್ತು ಅಂತ ಕೊಟ್ಟೆ. ಒಳ್ಳೆಯದಾಗ್ತದೆ ಅಂತ..."

ಬೈಯಬೇಕು ಅನಿಸಿತು. ಅವನ ಮುಖ ನೋಡಿ ಬಿಟ್ಟೆ.

ಸಂಗತಿ ಇಷ್ಟು. ಪ್ರೋಗ್ರಾಮಿಗೂ ಗ್ರಾಫಿಕ್ಸ್ ಕಾರ್ಡಿಗೂ ನಡುವೆ ಕೆಲವು ಲೈಬ್ರರಿಗಳು ಇರುತ್ತವೆ. ಇಲ್ಲಿ ಗೋಡೆ ಎಳೆ, ಇಲ್ಲಿ ಬೆಳಕು ಹಾಕು ಎಂದು ಪ್ರೋಗ್ರಾಮ್ ಹೇಳಿದ್ದನ್ನು ಕಾರ್ಡಿಗೆ ಮುಟ್ಟಿಸುವುದು ಅವುಗಳ ಕೆಲಸ. ಅಪ್‌ಡೇಟ್ ಆದಾಗ ಹೊಸ ಲೈಬ್ರರಿ ಬಂದು ಕೂತಿತ್ತು. ಆ ಹೊಸದಕ್ಕೆ ಹರೀಶನ ಹಳೆ ಕಾರ್ಡಿನ ಗುರುತೇ ಇಲ್ಲ. ಹಳೆಯದಕ್ಕೆ ಹಿಂದೆ ಹೋಗುವ ಎಂದರೆ ಪ್ರವೀಣ ಅದನ್ನು ಅಳಿಸಿಬಿಟ್ಟಿದ್ದ. ಮೊಬೈಲಿನ ನೆಟ್ ಹಾಕಿ ಕಾರ್ಡನ್ನು ನಡೆಸುವ ಹಳೆ ಡ್ರೈವರ್ ಇಳಿಸಲು ಕೂತೆ. ಆ ಮೂಲೆಯಲ್ಲಿ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಅಂತೂ ಇಳಿಯಿತು. ಹಾಕಿದರೆ ಅಪ್‌ಡೇಟಿನಲ್ಲಿ ಬಂದ ಹೊಸ ಕರ್ನಲ್, ಎಂದರೆ ಲಿನಕ್ಸಿನ ಮೂಲ ಭಾಗ, ಅದನ್ನು ಒಳಗೆ ಸೇರಿಸಲಿಲ್ಲ. ಮತ್ತೆ ಕಪ್ಪು.

ಹೊರಗೆ ಕತ್ತಲಾಗಿತ್ತು. ಗಾಳಿ ಎಂಬುದು ಇರಲೇ ಇಲ್ಲ. ಅಂಗಿ ಬೆನ್ನಿಗೆ ಅಂಟಿತ್ತು. ಪಕ್ಕದ ಹಿತ್ತಲಿನಲ್ಲಿ ಬಿದ್ದು ಒಡೆದ ಹಲಸಿನ ಹಣ್ಣಿನ ವಾಸನೆ ಒಳಗೆಲ್ಲ ತುಂಬಿತ್ತು.

"ಆಗ್ತದಾ?" ಎಂದು ಸಂಜೀವ ಮಾವ ಬಾಗಿಲಲ್ಲಿ ನಿಂತು ಕೇಳಿದರು.

"ಒಂದು ದಾರಿ ಉಂಟು ಮಾವ. ಕಾರ್ಡು ಬಿಟ್ಟು ಮಾಡುವುದು."

ಕಾರ್ಡು ಮಾಡಬೇಕಾದ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರಿನಿಂದಲೇ ಮಾಡಿಸಬಹುದು. ಸಾಫ್ಟ್‌ವೇರ್ ರೆಂಡರಿಂಗ್ ಎನ್ನುತ್ತಾರೆ. ನಡೆಯುತ್ತದೆ, ಆದರೆ ಬಹಳ ನಿಧಾನ. ನಾನು ಕಂಪ್ಯೂಟರ್ ಆಫ್ ಮಾಡಿ, ಡಬ್ಬ ಬಿಚ್ಚಿ, ಆ ಕಾರ್ಡನ್ನು ಎಳೆದು ಹೊರಗೆ ತೆಗೆದೆ. ಅದು ಒಳಗಿದ್ದರೆ ಪ್ರೋಗ್ರಾಮ್ ಪ್ರತಿ ಸಲ ಅದನ್ನೇ ಹುಡುಕಿಕೊಂಡು ಹೋಗಿ ಬೀಳುತ್ತಿತ್ತು. ಮಾನಿಟರಿನ ವಯರನ್ನು ಮದರ್‌ಬೋರ್ಡಿಗೆ ಚುಚ್ಚಿದೆ. ಮೌಸನ್ನು ನನ್ನ ಬಲಕ್ಕೆ ಇಟ್ಟುಕೊಂಡೆ. ಟರ್ಮಿನಲ್‌ನಲ್ಲಿ ಆಜ್ಞೆಯ ಒಂದು ಸಾಲು ಬರೆದು ಪ್ರೋಗ್ರಾಮ್ ಶುರು ಮಾಡಿದೆ.

ಕಪ್ಪು ಹೋಯಿತು. ಒಂದೊಂದೇ ಗೋಡೆ ಮೂಡಿತು...

ಅವನ ಮನೆ.

ನಾನು ಶೋಭಾರನ್ನು ಕರೆಯಲಿಲ್ಲ. ಮೊದಲು ನಾನೊಬ್ಬನೇ ನೋಡಿದೆ, ಏನು ಬಾಕಿ ಇದೆ ಎಂದು ತಿಳಿಯಬೇಕಿತ್ತು. ಚಿಕ್ಕ ಮನೆ. ಬಾಗಿಲುಗಳನ್ನೆಲ್ಲ ಎತ್ತರ ಮಾಡಿದ್ದ. ವಿಡಿಯೋಕ್ಕೆ ಕ್ಯಾಮೆರಾದ ದಾರಿಯನ್ನೂ ಹಾಕಿದ್ದ. ಗೇಟಿನಿಂದ ಹೊರಟು, ಮೆಟ್ಟಿಲು, ಹಾಲ್, ಕೊನೆಗೆ ಅಡುಗೆಕೋಣೆ. ಅಲ್ಲಿಗೆ ಮುಗಿಯುತ್ತದೆ. ಅಡುಗೆಕೋಣೆಯಲ್ಲಿ ಗೇಟಿನ ಕಡೆಗಿನ ಗೋಡೆ ಖಾಲಿ. ಕಿಟಕಿ ಇಲ್ಲ. ಬಾಕಿ ಎಂದವನು ಬಾಕಿಯೇ ಬಿಟ್ಟು ಹೋಗಿದ್ದ.

ನಾನೇ ಒಂದು ಕಿಟಕಿ ಕೊರೆದು ಇಡೋಣವೇ ಎಂದು ಯೋಚಿಸಿದೆ. ಮನಸ್ಸು ಬರಲಿಲ್ಲ. ಇದ್ದ ಹಾಗೆಯೇ ವಿಡಿಯೋ ಮಾಡಲು ಹಚ್ಚಿದೆ. ನೂರಾರು ಚಿತ್ರ ಸೇರಿ ವಿಡಿಯೋ, ಒಂದೊಂದಕ್ಕೂ ಒಂದೆರಡು ಗುಟುಕು ಚಹಾ ಕುಡಿಯುವಷ್ಟು ಹೊತ್ತು, ಅಷ್ಟು ನಿಧಾನ. ಪೂರ್ತಿ ಆಗಲು ಬೆಳಗಾಗುವುದು ಖಂಡಿತ.

"ಶೋಭಾ, ಎಲೆಯ ಹೊತ್ತಿಗೆ ಆಗುವುದಿಲ್ಲ. ಬೆಳಿಗ್ಗೆ ತೋರಿಸ್ತೇನೆ" ಎಂದೆ.

ಅವರು ಸ್ಕ್ರೀನ್ ಕಡೆ ನೋಡಲಿಲ್ಲ. "ನಡೀತಾ ಉಂಟಲ್ಲ? ಹಾಗಾದ್ರೆ ನಡೀಲಿ, ನಿಲ್ಲಿಸ್ಬೇಡಿ" ಎಂದರು. ಎಲೆ ತಂದು ಕಂಪ್ಯೂಟರ್ ಮೇಜಿನ ಮೇಲೆಯೇ ಹಾಸಿದರು.

ಸಂಜೀವ ಮಾವ ಹುಬ್ಬು ಗಂಟು ಹಾಕಿದರು. "ಎಲೆ ನೆಲಕ್ಕೆ ಹಾಕುವುದು ಮಗಾ. ಕುಲೆಗೆ ಮೇಜಿನ ಮೇಲೆ ಬಡಿಸಿದ್ದು ಎಲ್ಲಿ ಉಂಟು?"

"ಅವರು ನೆಲದಲ್ಲಿ ಕೂತು ಉಂಡದ್ದು ಎಲ್ಲಿ ಉಂಟು ಮಾವ?"

ಮಾವ ಎಲೆಯನ್ನು ಮೇಜಿನ ನಡುವಿಗೆ ಸರಿಸಿದರು. "ಆಯ್ತು. ಉಂಡ ಜಾಗದಲ್ಲೇ ಬಡಿಸುವ. ಆದ್ರೆ ದೀಪ ಬಿಟ್ಟು ಬೇರೆ ಬೆಳಕು ಬೇಡ, ಆ ಟಿವಿ ಆಫ್ ಮಾಡು ದಿನೇಶ."

ಮಾನಿಟರ್ ಮಾತ್ರ ಆಫ್ ಮಾಡಿದೆ. ಕೆಳಗೆ ಕಂಪ್ಯೂಟರ್ ಸದ್ದಿಲ್ಲದೆ ನಡೆಯುತ್ತಿತ್ತು. ಶೋಭಾ ರೊಟ್ಟಿ ಮುರಿದು ಹಾಕಿ, ಅದರ ಮೇಲೆ ಸಾರು ಸುರಿದು, ಸುಕ್ಕ ಬಡಿಸಿದರು. ಬಂಗುಡೆ ಹುರಿದದ್ದು, ಒಂದು ಲೋಟ ಚಹಾ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಿಟ್ಟರು, ಅವನು ಉದ್ದದವನು ತಾನೆ, ಕಾಲಿಗೆ ಜಾಗ ಬೇಕು.

ಬಾಗಿಲು ಎಳೆದೆವು.

ಹೊರಗೆ ಜಗಲಿಯಲ್ಲಿ ಕೂತೆವು. ಮನೆಯ ದೀಪ ಎಲ್ಲ ಆರಿಸಿದ್ದರು. ನನ್ನ ಕೈಯಲ್ಲಿ ಆ ಕಾರ್ಡು ಇತ್ತು. ಧೂಳು ತೆಗೆಯುವ ಎಂದು ಬ್ರಷ್ ಹಿಡಿದುಕೊಂಡಿದ್ದೆ, ಅದರ ಜೊತೆಗೇ ಹೊರಗೆ ಬಂದಿದ್ದೆ. ಮಡಿಲಲ್ಲಿ ಇಟ್ಟುಕೊಂಡು ಕೂತೆ. ಅದಕ್ಕೆ ವಯರ್ ಇಲ್ಲ, ಕರೆಂಟ್ ಇಲ್ಲ. ಒಂದು ತುಂಡು ಲೋಹ, ಒಂದು ಫ್ಯಾನು, ಅಷ್ಟೇ.

ಎಲ್ಲೋ ನಾಯಿ ಬೊಗಳಿ ನಿಂತಿತು. ಜೀರುಂಡೆ ಕೂಗುತ್ತಿತ್ತು. ಆಮೇಲೆ ಅದೂ ನಿಂತ ಹಾಗಾಯಿತು...

ಮೊದಲು ಬಂದದ್ದು ವಾಸನೆ. ಬಿಸಿಯಾದ ಧೂಳಿನ ವಾಸನೆ. ತುಂಬ ಹೊತ್ತು ಓಡಿದ ಕಾರ್ಡಿನಿಂದ ಬರುತ್ತದೆ, ನನಗೆ ಚೆನ್ನಾಗಿ ಗೊತ್ತು. ಒಳಗಿನಿಂದ ಬರುತ್ತಿರಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು, ಒಳಗೆ ಕಾರ್ಡೇ ಇಲ್ಲ.

ನನ್ನ ತೊಡೆ ಬೆಚ್ಚಗಾಗುತ್ತಿತ್ತು.

ಕೈ ಇಟ್ಟು ನೋಡಿದೆ. ಲೋಹ ಬಿಸಿ. ನನ್ನ ಮೈಯ ಬಿಸಿ ಎಂದು ಸಮಾಧಾನ ಹೇಳಿಕೊಂಡೆ. ಸೆಕೆ ಬೇರೆ. ಆದರೆ ಬಿಸಿ ಏರುತ್ತಲೇ ಇತ್ತು. ಬೆರಳು ಇಡಲಾಗದಷ್ಟು. ಅಷ್ಟರಲ್ಲಿ ಅಂಗೈ ಕೆಳಗೆ ಏನೋ ಅಲುಗಿತು.

ಕರ್...

ಕರ್...

ಟಕ್.

ಎಸೆದು ಓಡಬೇಕು ಅನಿಸಿತು, ಕೈ ಬರಲಿಲ್ಲ. ಗಾಳಿಗೆ ತಿರುಗುತ್ತಿದೆಯೇ ಎಂದು ನೋಡಿದೆ. ಅಂಗಳದ ಬಾಳೆಯ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಪ್ರವೀಣ ನನ್ನ ಕಡೆ ತಿರುಗಿದ. "ದಿನೇಶಣ್ಣ, ಅದು..." ಎಂದು ಪಿಸುಗುಟ್ಟಿದ. ಸಂಜೀವ ಮಾವ ಬೆರಳನ್ನು ತುಟಿಗೆ ಇಟ್ಟರು.

ಶೋಭಾ ಎದ್ದು ಬಂದು ನನ್ನ ಪಕ್ಕ ಕೂತರು. ಆ ಶಬ್ದ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷ ಅದನ್ನು ಕೇಳುತ್ತಾ ನಿದ್ದೆ ಮಾಡಿದವರು. ಕೈ ಚಾಚಿ ಕಾರ್ಡಿನ ಮೇಲೆ ಅಂಗೈ ಇಟ್ಟರು. ಸುಡುತ್ತಿತ್ತು, ಆದರೂ ತೆಗೆಯಲಿಲ್ಲ.

"ಕೆಲಸ ಮಾಡ್ತಾ ಇದ್ದಾರೆ" ಎಂದರು. ಮಾತು ಕೇಳಿಸಿತೋ, ತುಟಿ ಅಲುಗಿದ್ದಷ್ಟೇ ಕಂಡಿತೋ, ಈಗ ಹೇಳಲಾರೆ.

ಎಷ್ಟು ಹೊತ್ತು ಹಾಗೆ ಕೂತೆವೋ. ಹೆದರಿಕೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ನನಗೆ ಅಳು ಬಂತು. ಹರೀಶ ಹೋದ ದಿನ ಬಾರದ ಅಳು. ಸದ್ದು ಮಾಡಬಾರದೆಂದು ಅಂಗಿಯ ತೋಳನ್ನು ಬಾಯಿಗೆ ಕಚ್ಚಿಕೊಂಡೆ. ಇಬ್ಬರ ಕೈಯೂ ಆ ಕಾರ್ಡಿನ ಮೇಲೆ. ಅದು ತನ್ನ ಪಾಡಿಗೆ ಕರ್... ಕರ್... ಟಕ್.

ಆಮೇಲೆ ನಿಧಾನವಾಯಿತು. ಕರ್...... ಕರ್......... ಮತ್ತೆ ಟಕ್ ಎನ್ನಲಿಲ್ಲ.

ಸಂಜೀವ ಮಾವ ಎದ್ದರು. ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಬಾಗಿಲ ಬಳಿ ನಿಂತು ಕೆಮ್ಮಿದರು, ತಟ್ಟಿದರು, ನೂಕಿದರು.

ದೀಪ ಉರಿಯುತ್ತಿತ್ತು. ಎಲೆ ಬಡಿಸಿದ ಹಾಗೆಯೇ ಇತ್ತು, ಒಂದು ಚೂರೂ ಆಚೀಚೆ ಆಗಿರಲಿಲ್ಲ. ನಾನು ನೋಡಿದ್ದು ಎಲೆಯನ್ನಲ್ಲ. ಮೌಸನ್ನು. ಅದು ಕೀಬೋರ್ಡಿನ ಎಡಕ್ಕೆ ಇತ್ತು.

ಮಾನಿಟರ್ ಆನ್ ಮಾಡಿದೆ. ವಿಡಿಯೋ ಮುಗಿದಿತ್ತು. ಬೆಳಗಿನವರೆಗೆ ಆಗಬೇಕಾದದ್ದು, ಆಗಲೇ ಪೂರ್ತಿ ಮುಗಿದಿತ್ತು.

"ಹಾಕಿ" ಎಂದರು ಶೋಭಾ. ಆ ಕುರ್ಚಿಯಲ್ಲಿ ಕೂರಲಿಲ್ಲ, ಅದರ ಪಕ್ಕದಲ್ಲಿ ನಿಂತರು.

ಹಾಕಿದೆ.

ಗೇಟಿನಿಂದ ಶುರುವಾಗಬೇಕಿತ್ತು. ಆಗಲಿಲ್ಲ. ಶುರುವಾದದ್ದು ಅಡುಗೆಕೋಣೆಯಿಂದ. ಕ್ಯಾಮೆರಾ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಒಲೆ, ಕಪಾಟು, ಎಲ್ಲವನ್ನೂ ನೋಡಿತು. ನಂತರ ತಿರುಗಿ ಹೊರಟಿತು. ಅಡುಗೆಕೋಣೆಯ ಬಾಗಿಲು ದಾಟುವಾಗ ಚಿತ್ರ ಒಂಚೂರು ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ತಲೆ ಬಗ್ಗಿಸಿದ ಹಾಗೆ.

ಶೋಭಾ ಬಾಯಿಗೆ ಸೆರಗು ಒತ್ತಿಕೊಂಡರು. ಅಷ್ಟು ಎತ್ತರದ ಬಾಗಿಲು... ಬಗ್ಗಬೇಕಾಗಿಯೇ ಇರಲಿಲ್ಲ.

ಹಾಲ್‌ನ ಬಾಗಿಲು ದಾಟುವಾಗಲೂ ಬಗ್ಗಿತು. ಮೆಟ್ಟಿಲು ಇಳಿಯಿತು. ಅಂಗಳ ದಾಟಿತು. ಅವಸರ ಇರಲಿಲ್ಲ. ಗೇಟಿನ ಹೊರಗೆ ಹೋಗಿ ರಸ್ತೆಯಲ್ಲಿ ಒಂದೆರಡು ಹೆಜ್ಜೆ ಹೋಯಿತು. ಮುಂದೆ ಏನೂ ಇಲ್ಲ, ಹರೀಶ ಅಲ್ಲಿಂದಾಚೆ ಏನನ್ನೂ ಮಾಡಿರಲಿಲ್ಲ. ಬರೀ ಬೂದು ಬಣ್ಣ.

ಅಲ್ಲಿ ನಿಂತಿತು.

ನಿಂತು, ಹಿಂದೆ ತಿರುಗಿ ನೋಡಿತು.

ಮನೆ ಪೂರ್ತಿ ಕಂಡಿತು. ಅಡುಗೆಕೋಣೆಯ ಖಾಲಿ ಗೋಡೆ ಇದ್ದ ಕಡೆ ಒಂದು ಕಿಟಕಿ ಇತ್ತು. ಒಳಗೆ ದೀಪ ಉರಿಯುತ್ತಿತ್ತು. ಆ ಕಿಟಕಿಯನ್ನೇ ನೋಡುತ್ತಾ ತುಂಬ ಹೊತ್ತು ನಿಂತಿತು. ಆಮೇಲೆ ವಿಡಿಯೋ ಮುಗಿಯಿತು.

ಸಂಜೀವ ಮಾವ ಹೆಗಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು.

"ತಿರುಗಿ ನೋಡ್ಬಾರ್ದಿತ್ತು" ಎಂದರು ಮೆಲ್ಲಗೆ. "ಹೋಗುವವರು ತಿರುಗಿ ನೋಡಿದ್ರೆ ಪೂರ್ತಿ ಹೋದ ಹಾಗೆ ಆಗುವುದಿಲ್ಲ."

"ನೋಡ್ಲಿ ಮಾವ" ಎಂದರು ಶೋಭಾ. ಆಗ ಅತ್ತರು. ನೆಲಕ್ಕೆ ಕುಸಿದು, ಖಾಲಿ ಕುರ್ಚಿಯ ಕಾಲನ್ನು ಹಿಡಿದುಕೊಂಡು ಅತ್ತರು.

ಮರುದಿನ ಬೊಜ್ಜ ಆಯಿತು. ಜನ ಬಂದರು, ಉಂಡರು, ಹೋದರು. ಎಲ್ಲ ಮುಗಿದ ಮೇಲೆ ನಾನು ಆ ಫೈಲನ್ನು ಮತ್ತೆ ತೆರೆದೆ. ಕ್ಯಾಮೆರಾದ ದಾರಿ ಒಂದೇ ಇತ್ತು, ಗೇಟಿನಿಂದ ಒಳಗೆ. ಹೊರಗೆ ಬರುವ ದಾರಿ ಅದರಲ್ಲಿ ಇಲ್ಲ. ಅಡುಗೆಕೋಣೆಯ ಗೋಡೆ ಖಾಲಿ. ಕಿಟಕಿ ಇಲ್ಲ. ನಾನು ಕೆಲಸ ಗೊತ್ತಿಲ್ಲದವನಲ್ಲ, ಎಲ್ಲ ಕಡೆ ಹುಡುಕಿದೆ. ವಿಡಿಯೋ ಮಾತ್ರ ಶೋಭಾರ ಬಳಿ ಇದೆ. ಯಾರಿಗೂ ತೋರಿಸಬೇಡಿ ಎಂದು ಹೇಳಿದ್ದಾರೆ, ಹಾಗಾಗಿ ನನ್ನ ಬಳಿ ಕೇಳಬೇಡಿ. ಅವರ ಅಂಗೈಯಲ್ಲಿ ಸುಟ್ಟ ಗುರುತು ಎಷ್ಟೋ ದಿನ ಇತ್ತು. ನನ್ನ ಅಂಗೈಯಲ್ಲೂ.

ಈಗ ಮಡಂತ್ಯಾರಿನಲ್ಲಿ ಆ ಮನೆ ಏಳುತ್ತಿದೆ. ಅಡುಗೆಕೋಣೆಯ ಕಿಟಕಿ ಎಲ್ಲಿ ಬರಬೇಕು ಎಂದು ಮೇಸ್ತ್ರಿಗೆ ಶೋಭಾ ತಾವೇ ನಿಂತು ತೋರಿಸಿಕೊಟ್ಟರು. ವಿಡಿಯೋದಲ್ಲಿ ಇದ್ದ ಜಾಗದಲ್ಲೇ.

ಕಾರ್ಡನ್ನು ಅವರು ನನಗೆ ಕೊಟ್ಟರು. ಅಂಗಡಿಯ ಹಿಂದಿನ ಶೆಲ್ಫಿನಲ್ಲಿ ಇಟ್ಟಿದ್ದೇನೆ. ಯಾವ ಕಂಪ್ಯೂಟರಿಗೂ ಹಾಕಿಲ್ಲ, ಮಾರುವುದೂ ಇಲ್ಲ.

ನಾನು ಅವನನ್ನು ಕಾರಿನಲ್ಲಿ ತಿರುಗಿ ನೋಡಲಿಲ್ಲ. ಸುಟ್ಟು ಬರುವಾಗಲೂ ನೋಡಲಿಲ್ಲ. ಅವನೇ ನೋಡಿದ.

ರಾತ್ರಿ ಅಂಗಡಿ ಮುಚ್ಚುವಾಗ, ಶಟರಿಗೆ ಕೈ ಹಾಕಿದ ಹೊತ್ತಿಗೆ, ಕೆಲವು ಸಲ ಹಿಂದಿನಿಂದ ಕೇಳಿದ ಹಾಗಾಗುತ್ತದೆ. ಕರ್... ಕರ್... ಟಕ್. ಮೈ ಜುಮ್ಮೆನ್ನುತ್ತದೆ. ಹಾಗಿದ್ದರೂ ಈಗ ನಾನು ಪ್ರತಿ ಸಲ ತಿರುಗಿ ನೋಡುತ್ತೇನೆ. ಶೆಲ್ಫಿನಲ್ಲಿ ಕಾರ್ಡು ಇರುತ್ತದೆ, ಫ್ಯಾನು ನಿಂತಿರುತ್ತದೆ. ಅವನು ಇರುವುದಿಲ್ಲ.